ಮೇಲಿನಂತೆ

ಬಿ.ಕಾಂ. ಓದುವವನೊಬ್ಬ ಚಿತ್ರದ ಕಡತವನ್ನು ಬಿಚ್ಚಿ ಓದುವ ಬಗ್ಗೆ ಬರೆಯಲು ಹೊರಟರೆ ನಮ್ಮ ಕೂಟದ ಮಿತ್ರರು ನಗಬಹುದು. ಕಥೆಯೋ ಕವನವೋ ಕೊಡು ಎಂದರೆ ಇವನು ಕಂಪ್ಯೂಟರಿನ ಕರಾಮತ್ತು ಹೊತ್ತು ತಂದಿದ್ದಾನೆ ಎಂದು ಸಂಪಾದಕರು ಮುಖ ಸಿಂಡರಿಸಲೂಬಹುದು. ಆದರೂ ಬರೆಯುತ್ತೇನೆ. ಕಳೆದ ಮಳೆಗಾಲದಲ್ಲಿ ಎರಡೂವರೆ ತಿಂಗಳು ನಾನು ಲೆಕ್ಕಶಾಸ್ತ್ರದ ಪುಸ್ತಕಕ್ಕಿಂತ ಹೆಚ್ಚಾಗಿ ಓದಿದ್ದು ಇದನ್ನೇ. ಓದುತ್ತಾ ಹೋದ ಹಾಗೆ ಇದೂ ಒಂದು ಲೆಕ್ಕಶಾಸ್ತ್ರವೇ ಎಂದು ಗೊತ್ತಾಯಿತು.

ಮೊದಲು ಒಂದು ವಿಷಯ ಹೇಳಿಬಿಡಬೇಕು. ಫೋಟೋದ ಕಡತದಲ್ಲಿ ಫೋಟೋ ಇರುವುದಿಲ್ಲ. ಒಂದು ಎ4 ಹಾಳೆಯನ್ನು ಇಂಚಿಗೆ 150 ಚುಕ್ಕಿಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ 1240, ಉದ್ದಕ್ಕೆ 1754 ಚುಕ್ಕಿ. ಗುಣಿಸಿದರೆ 21,74,960. ಕಪ್ಪು-ಬಿಳಿ ಚಿತ್ರವಾದರೆ ಪ್ರತಿ ಚುಕ್ಕಿಗೂ ಒಂದು ಅಂಕಿ: 0 ಎಂದರೆ ಕಡು ಕಪ್ಪು, 255 ಎಂದರೆ ಬಿಳಿ, ನಡುವಿನದೆಲ್ಲ ಬೂದು. ಹಾಗಾದರೆ ಕಡತ ಇಪ್ಪತ್ತೊಂದು ಮುಕ್ಕಾಲು ಲಕ್ಷ ಬೈಟು ಇರಬೇಕಲ್ಲ? ಇರುವುದಿಲ್ಲ, ಆರೇಳು ಲಕ್ಷಕ್ಕೇ ಮುಗಿದಿರುತ್ತದೆ. ಅದರಲ್ಲಿರುವುದು ಅಂಕಿಗಳಲ್ಲ, ಅಂಕಿಗಳನ್ನು ಮತ್ತೆ ಹೇಗೆ ಬರೆದುಕೊಳ್ಳಬೇಕು ಎಂಬ ಸೂಚನೆ. ಆ ಸೂಚನೆಯನ್ನು ಓದಿ ಚಿತ್ರವನ್ನು ಮತ್ತೆ ಬರೆದುಕೊಡುವವನು ಸಿ ಭಾಷೆಯಲ್ಲಿ ಬರೆದಿಟ್ಟ ಒಂದು ಲೈಬ್ರರಿ. (ಲೈಬ್ರರಿ ಎಂದರೆ ವಾಚನಾಲಯ ಅಲ್ಲ. ಬೇರೆಯವರು ಒಮ್ಮೆ ಬರೆದಿಟ್ಟದ್ದು, ನಾವು ಕರೆದಾಗ ಬಂದು ಕೆಲಸ ಮಾಡಿ ಹೋಗುವಂಥದ್ದು.) ದಿನಕ್ಕೆ ನೂರು ಸಲ ನಾವು ಅವನನ್ನು ಕರೆಯುತ್ತೇವೆ, ಹೆಸರು ಮಾತ್ರ ಗೊತ್ತಿರುವುದಿಲ್ಲ.

ನನಗೆ ಅವನ ಹೆಸರು ಗೊತ್ತಾಗಲು ಕಾರಣ ನಮ್ಮ ಅಜ್ಜನ ಒಂದು ಪುಟ.

ಅಜ್ಜ 1961ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದವರು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದ ಆ ತಲೆಮಾರಿನ ಬಗ್ಗೆ ನೀವು ನಿಮ್ಮ ನಿಮ್ಮ ಮನೆಗಳಲ್ಲಿ ಕೇಳಿಯೇ ಇರುತ್ತೀರಿ, ನಾನು ವಿಸ್ತರಿಸುವುದಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ತಿಂಗಳ ಜಮಾ-ಖರ್ಚು ಬರೆದಿಡುವುದು ಅವರ ಅಭ್ಯಾಸ, ಅದೂ ಕನ್ನಡ ಅಂಕಿಗಳಲ್ಲಿ. 1974ನೇ ಇಸವಿಯದೆಲ್ಲ ಒಂದೇ ಪುಟದಲ್ಲಿತ್ತು. ಆ ವರ್ಷವೇ ಊರಿನ ಮನೆಯ ಮಾಡಿನಿಂದ ಮುಳಿಹುಲ್ಲು ಇಳಿಸಿ ಹೆಂಚು ಹೊದೆಸಿದ್ದು. ಯಾರ ದುಡ್ಡಿನಿಂದ ಎಂಬುದು ಐವತ್ತು ವರ್ಷದ ಮೇಲೆ ತಕರಾರಿಗೆ ಬಂತು. ಎರಡು ವರ್ಷದ ಹಿಂದೆ ಊರಿನಲ್ಲಿ ಪಾಲಿನ ಮಾತುಕತೆಗೆ ಕೂತಾಗ ಅಜ್ಜನ ಅಣ್ಣನ ಮಗ, ಅಂದರೆ ನನಗೆ ದೊಡ್ಡಪ್ಪ, ಹತ್ತು ಜನರೆದುರು "ಬೊಂಬಾಯಿಯವರು ಈ ಮನೆಗೆ ಒಂದು ಹೆಂಚಿನ ದುಡ್ಡೂ ಹಾಕಲಿಲ್ಲ" ಎಂದುಬಿಟ್ಟರು. ಅಪ್ಪಯ್ಯ ಜಗಳದ ಜನವಲ್ಲ, ಸುಮ್ಮನಿದ್ದರು. ಅಜ್ಜಿಗೆ ಮಾತ್ರ ಅದು ತಾಗಿತು. "ನಂಗೆ ಪಾಲ್ ಬ್ಯಾಡ ಮಗಾ, ಆ ಮಾತ್ ವಾಪಾಸ್ ಬರ್ಕ್" ಎಂದು ಇವತ್ತಿಗೂ ಹೇಳುತ್ತಾರೆ.

ಅಜ್ಜನ ಟ್ರಂಕು ಅದೇ ಮನೆಯ ಅಟ್ಟದಲ್ಲಿತ್ತು. ಪಾಲಿನ ಮಾತು ನಡೆಯುವಾಗ ಮನೆಯಿಂದ ಸಾಮಾನು ಹೊರಗೆ ಕೊಂಡುಹೋಗುವುದು ಮರ್ಯಾದೆಯಲ್ಲ. ಅಪ್ಪಯ್ಯನದು ಇನ್ನೂ ಬಟನ್ ಫೋನು, ಫೋಟೋ ಹೊಡೆಯುವ ಹಾಗಿಲ್ಲ. ಒಂದು ಗಂಟೆಯ ಮಟ್ಟಿಗೆ ಕೇಳಿಕೊಂಡು ನೋಟ್‌ಬುಕ್ಕನ್ನು ಪೇಟೆಯ ಜೆರಾಕ್ಸ್ ಅಂಗಡಿಗೆ ಒಯ್ದು, ಆ ಪುಟ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿದರು. ಹಾಕಿಸುವ ಹೊತ್ತಿಗೆ ಕರೆಂಟು ಹೋಯಿತು. ಬಸ್ಸಿನ ಹೊತ್ತಾಗಿತ್ತು. "ಆಯ್ತು, ಬಂದಿದೆ" ಎಂದು ಅಂಗಡಿಯವನು ಪೆನ್‌ಡ್ರೈವ್ ಕೈಗೆ ಕೊಟ್ಟ. ನೋಟ್‌ಬುಕ್ಕು ಟ್ರಂಕಿಗೆ, ಟ್ರಂಕು ಅಟ್ಟಕ್ಕೆ ವಾಪಸಾಯಿತು. ಮುಂದಿನ ಮಳೆಗಾಲದಲ್ಲಿ ಒರಲೆ ಹಿಡಿದು ಟ್ರಂಕಿನೊಳಗೆ ಮಣ್ಣು ಮಾತ್ರ ಉಳಿಯಿತು. ಅಂಗಡಿಯ ಕಂಪ್ಯೂಟರೂ ಅಷ್ಟರಲ್ಲಿ ಒರೆಸಿ ಹೊಸದಾಗಿತ್ತು. ಹೀಗೆ ಆ ಪುಟದ ಪಾಲಿಗೆ ಲೋಕದಲ್ಲಿ ಉಳಿದದ್ದು ನಮ್ಮ ಕಪಾಟಿನಲ್ಲಿದ್ದ ಪೆನ್‌ಡ್ರೈವು, ಅದರಲ್ಲಿ ಪಿಎನ್‌ಜಿ ಎಂಬ ಜಾತಿಯ ಒಂದು ಕಡತ. ತೆರೆದರೆ ಏನೂ ಬರುವುದಿಲ್ಲ. ಕಡತ ಹಾಳಾಗಿದೆ ಎಂದು ಒಂದು ಸಾಲು ಬರುತ್ತದೆ, ಅಷ್ಟೇ.

ಪಕ್ಕದ ಬಿಲ್ಡಿಂಗಿನಲ್ಲಿ ಇಂಜಿನಿಯರಿಂಗ್ ಓದುವ ಗೆಳೆಯನಿದ್ದಾನೆ. ಅವನು ಕಡತದ ಅಳತೆ ನೋಡಿದ: 4,25,984 ಬೈಟು. ಅವನ ಕಣ್ಣು ಹೋದದ್ದೇ ಬೇರೆ ಕಡೆಗೆ. "ಮಾರಾಯ, ಇದು 4096ರಿಂದ ಸರಿಯಾಗಿ ಭಾಗ ಆಗ್ತದೆ ನೋಡು. 104 ಸಲ. ತಾನಾಗಿ ಮುಗಿದ ಕಡತ ಹೀಗೆ ಲೆಕ್ಕ ಹಾಕಿ ಮುಗಿಯೋದಿಲ್ಲ. ನಕಲು ಆಗ್ತಿರುವಾಗ ಕತ್ತರಿಸಿ ಹೋಗಿದೆ." ಅಂದರೆ ತಲೆ ಇದೆ, ಬಾಲ ಇಲ್ಲ. ಹಾಳಾಗಿಲ್ಲ, ಅರ್ಧಕ್ಕೆ ನಿಂತಿದೆ. ಈ ಎರಡರ ನಡುವೆ ಎಷ್ಟು ದೊಡ್ಡ ವ್ಯತ್ಯಾಸವಿದೆ ಎಂದು ತಿಳಿಯಲು ನನಗೆ ಆ ಎರಡೂವರೆ ತಿಂಗಳು ಬೇಕಾಯಿತು.

ಅಜ್ಜನ ಬರವಣಿಗೆಯ ಬಗ್ಗೆ ಅಪ್ಪಯ್ಯ ಒಂದು ಮಾತು ಹೇಳಿದ್ದರು. ಒಮ್ಮೆ ಬರೆದ ಬಾಬ್ತನ್ನು ಅಜ್ಜ ಎರಡನೇ ಸಲ ಬರೆಯುತ್ತಿರಲಿಲ್ಲವಂತೆ. ಅದರ ಕೆಳಗೆ ಎರಡು ಪುಟ್ಟ ಗೀಟು ಎಳೆಯುತ್ತಿದ್ದರು: ಮೇಲಿನಂತೆ. ಶಾಯಿಯೂ ಉಳಿಯಿತು, ಹೊತ್ತೂ ಉಳಿಯಿತು. 1977ರಲ್ಲಿ ಇಸ್ರೇಲಿನ ಇಬ್ಬರು, ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್, ಶಾಸ್ತ್ರೀಯವಾಗಿ ಬರೆದದ್ದು ಹೆಚ್ಚುಕಡಿಮೆ ಇದನ್ನೇ ಎಂದರೆ ಪಂಡಿತರು ಕ್ಷಮಿಸಬೇಕು. (ಇಬ್ಬರೂ 2023ರಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ ತೀರಿಕೊಂಡರು.) ಅವರ ವಿಧಾನದಲ್ಲಿ ಗೀಟಿನ ಬದಲು ಎರಡು ಅಂಕಿ: ಇಷ್ಟು ದೂರ ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟನ್ನು ನಕಲು ಮಾಡು. ಪಿಎನ್‌ಜಿಯೊಳಗಿನ ಪದ್ಧತಿಯಲ್ಲಿ 32,768 ಬೈಟಿನಷ್ಟು ಹಿಂದಕ್ಕೆ ಹೋಗಬಹುದು, ಒಂದು ಸಲಕ್ಕೆ 3ರಿಂದ 258 ಬೈಟಿನವರೆಗೆ ನಕಲು ಮಾಡಬಹುದು.

ಇದರಲ್ಲೊಂದು ಚಮತ್ಕಾರವಿದೆ. ದೂರ 1, ಉದ್ದ 258 ಎಂದು ಬಂದರೆ? ಒಂದೇ ಹೆಜ್ಜೆ ಹಿಂದೆ ಹೋಗಿ 258 ನಕಲು ಮಾಡಬೇಕು, ಆದರೆ ಅಲ್ಲಿರುವುದು ಒಂದೇ ಬೈಟು! ಆದರೂ ಸರಿಯಾಗುತ್ತದೆ. ಒಂದನ್ನು ನಕಲು ಮಾಡಿದ ಕೂಡಲೆ ಎರಡನೆಯದು ಹುಟ್ಟುತ್ತದೆ, ಅದರಿಂದ ಮೂರನೆಯದು. ಆಗಷ್ಟೇ ಬರೆದದ್ದನ್ನೇ ಮೂಲವೆಂದು ನಂಬಿ ಮುಂದಕ್ಕೆ ಬರೆಯುತ್ತಾ ಹೋಗುವುದು. ಒಂದೇ ಬಣ್ಣದ ಬಯಲು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೀಗೆಯೇ ನಡೆಯುತ್ತದೆ.

ಇದರ ಮೇಲೆ ಇನ್ನೊಂದು ಹೊದಿಕೆ, ಹಫ್‌ಮನ್‌ನದು. ಈ ಕಥೆ ವಿದ್ಯಾರ್ಥಿಗಳಾದ ನಮಗೆ ಸಂತೋಷ ಕೊಡುವಂಥದ್ದು. ಅಮೆರಿಕದ ಎಂಐಟಿಯಲ್ಲಿ 1951ರಲ್ಲಿ ರಾಬರ್ಟ್ ಫ್ಯಾನೊ ಎಂಬ ಪ್ರಾಧ್ಯಾಪಕರು ತರಗತಿಗೆ ಹೇಳಿದರು: ಕೊನೆಯ ಪರೀಕ್ಷೆಗೆ ಕೂರಿ, ಇಲ್ಲವೇ ಒಂದು ಪ್ರಬಂಧ ಬರೆದುಕೊಡಿ. ಡೇವಿಡ್ ಹಫ್‌ಮನ್ ಪ್ರಬಂಧ ಆರಿಸಿಕೊಂಡ. ಪ್ರಾಧ್ಯಾಪಕರಿಗೇ ಪೂರ್ತಿ ಬಿಡಿಸಲಾಗದಿದ್ದ ಸಮಸ್ಯೆಯನ್ನು ಬಿಡಿಸಿದ. 1952ರಲ್ಲಿ ಅದು ಅಚ್ಚಾಯಿತು. ಪರೀಕ್ಷೆ ತಪ್ಪಿಸಿಕೊಳ್ಳುವ ಆಸೆಯಿಂದಲೂ ಲೋಕಕ್ಕೆ ಉಪಕಾರವಾಗಬಹುದು! (ನಮ್ಮ ಪ್ರಿನ್ಸಿಪಾಲರು ಈ ಸಂಚಿಕೆ ಓದುತ್ತಾರೆಂದು ಕೇಳಿದ್ದೇನೆ.)

ವಿಷಯ ಇಷ್ಟೇ: ಹೆಚ್ಚು ಸಲ ಬರುವುದಕ್ಕೆ ಸಣ್ಣ ಹೆಸರು, ಅಪರೂಪಕ್ಕೆ ಬರುವುದಕ್ಕೆ ಉದ್ದ ಹೆಸರು. ಹೋಟೆಲಿನ ಮಾಣಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ದಿನಕ್ಕೆ ಇನ್ನೂರು ಸಲ ಹೋಗುವ ದೋಸೆಗೆ ಒಳಗೆ ಕೂಗುವುದು "ಎರಡು ಸಾದಾ" ಅಂತ. ವಾರಕ್ಕೊಮ್ಮೆ ಯಾರೋ ಕೇಳುವ ತಿಂಡಿಯನ್ನು ಪೂರ್ತಿ ಹೆಸರು ಹಿಡಿದು ಎರಡೆರಡು ಸಲ ಕೂಗಬೇಕು. ಆದರೆ ಒಂದು ಕಟ್ಟುಪಾಡಿದೆ: ಯಾವ ಹೆಸರೂ ಇನ್ನೊಂದು ಹೆಸರಿನ ಮೊದಲ ಭಾಗವಾಗಿರಕೂಡದು. ಬಿಳಿಗೆ 0, ಕಪ್ಪಿಗೆ 10, ಬೂದಿಗೆ 11 ಎಂದಿಟ್ಟುಕೊಳ್ಳಿ. ಆಗ 0010011 ಎಂದು ಒಂದೇ ಉಸಿರಿನಲ್ಲಿ ಬರೆದರೂ ಬಿಳಿ, ಬಿಳಿ, ಕಪ್ಪು, ಬಿಳಿ, ಬೂದು ಎಂದು ಒಂದೇ ರೀತಿಯಲ್ಲಿ ಬಿಡಿಸಬಹುದು. ನಡುವೆ ಅಲ್ಪವಿರಾಮವೂ ಬೇಡ, ಜಾಗವೂ ಬೇಡ. ಆದರೆ ಮೊದಲಿನಿಂದ ಓದಬೇಕು. ನಡುವಿನಿಂದ ಓದಲು ಹೋದರೆ ಎಲ್ಲಿ ಒಂದು ಹೆಸರು ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳುವವರಿಲ್ಲ.

ಈ ಹೆಸರಿನ ಪಟ್ಟಿಯೂ ಕಡತದೊಳಗೇ ಬರುತ್ತದೆ. ಅದನ್ನೂ ಹಿಂಡಿ ಸಣ್ಣದು ಮಾಡಿರುತ್ತಾರೆ. ಹೆಸರುಗಳನ್ನು ಬರೆಯುವುದಿಲ್ಲ, ಯಾವುದು ಎಷ್ಟು ಉದ್ದ ಎಂದು ಮಾತ್ರ ಬರೆಯುತ್ತಾರೆ. ಉದ್ದ ಗೊತ್ತಾದರೆ ಒಂದು ನಿಯಮದ ಪ್ರಕಾರ ಹೆಸರುಗಳನ್ನು ನಾವೇ ಕಟ್ಟಿಕೊಳ್ಳಬಹುದು. ಆ ಉದ್ದಗಳ ಪಟ್ಟಿಗೂ ಇನ್ನೊಂದು ಹಫ್‌ಮನ್ ಪಟ್ಟಿ! ಕಪಾಟಿನ ಬೀಗದ ಕೈ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಡಬ್ಬಿಯಲ್ಲಿ. ಆ ಡಬ್ಬಿಯ ಒಳಗಿನ ಅಂಕಿಗಳ ಕ್ರಮ 16, 17, 18, 0, 8, 7, 9, 6, 10, 5 ಎಂದು ಶುರುವಾಗುವುದನ್ನು ನೋಡಿ ಇದು ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ಅಲ್ಲವಂತೆ. ಬೇಕಾಗದೆ ಹೋಗುವ ಸಂಭವ ಹೆಚ್ಚಿರುವುದನ್ನು ಕೊನೆಗೆ ಇಟ್ಟರೆ ಕೊನೆಯನ್ನು ಬರೆಯದೆಯೇ ಬಿಡಬಹುದಲ್ಲ, ಅದಕ್ಕಾಗಿ. ಇಂಥ ಜಿಪುಣರನ್ನು ನಾನು ವ್ಯಾಪಾರಿಗಳಲ್ಲೂ ಕಂಡಿಲ್ಲ.

ಲೆಂಪೆಲ್-ಝಿವ್ ಮತ್ತು ಹಫ್‌ಮನ್ ಎರಡನ್ನೂ ಜೋಡಿಸಿ ಡಿಫ್ಲೇಟ್ ಎಂಬ ಪದ್ಧತಿ ಮಾಡಿದವರು ಫಿಲ್ ಕಾಟ್ಸ್, 1990ರ ದಶಕದ ಆರಂಭದಲ್ಲಿ, ತಮ್ಮ ಝಿಪ್ ಕಡತಗಳಿಗಾಗಿ. ಚಿತ್ರಗಳಿಗೆ ಅದು ಬಂದದ್ದು ಒಂದು ವಾಣಿಜ್ಯ ಕಾನೂನಿನ ತಕರಾರಿನಿಂದ. ಆಗ ಎಲ್ಲರೂ ಬಳಸುತ್ತಿದ್ದ ಜಿಐಎಫ್ ಚಿತ್ರಗಳೊಳಗಿನ ವಿಧಾನದ ಮೇಲೆ ಯೂನಿಸಿಸ್ ಕಂಪನಿಗೆ ಪೇಟೆಂಟ್ ಇತ್ತು. ತಂತ್ರಾಂಶ ಮಾಡುವವರು ಅದಕ್ಕೆ ಲೈಸೆನ್ಸ್ ಪಡೆಯಬೇಕೆಂಬ ಪ್ರಕಟಣೆ 1994ರ ಡಿಸೆಂಬರ್ ಕೊನೆಗೆ ಹೊರಬಿತ್ತು. ಸಿಟ್ಟಾದ ಕೆಲವರು 1995ರ ಜನವರಿಯಲ್ಲೇ ಬೇರೆ ದಾರಿ ಹುಡುಕಲು ಕೂತು ಪಿಎನ್‌ಜಿ ಮಾಡಿದರು. ಅಮೆರಿಕದಲ್ಲಿ ಆ ಪೇಟೆಂಟ್ 2003ರಲ್ಲಿ ಮುಗಿದುಹೋಯಿತು, ಪಿಎನ್‌ಜಿ ಉಳಿಯಿತು. ಇದನ್ನು ಬಿಡಿಸುವ ಕೆಲಸಕ್ಕೆ ಝಾನ್-ಲೂ ಗಯ್ಯಿ ಮತ್ತು ಮಾರ್ಕ್ ಆಡ್ಲರ್ ಬರೆದು 1995ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟ ಸಿ ಲೈಬ್ರರಿಯ ಹೆಸರು ಝೆಡ್‌ಲಿಬ್. ನಾನು ಹೇಳಿದ ಆ ಹೆಸರು ಗೊತ್ತಿಲ್ಲದ ಆಸಾಮಿ ಇವನೇ.

ಇದನ್ನೆಲ್ಲ ನಾನು ಓದಿದ್ದು ಇಂಗ್ಲಿಷಿನಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ಮೊದಲ ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತವರಿಗೆ ಅದೇನೆಂದು ಗೊತ್ತು. ನಮ್ಮ ಕೂಟದಲ್ಲಿ ಅಂಥವರು ಕಡಿಮೆಯೇನಿಲ್ಲ. ಡಿಫ್ಲೇಟಿನ ವಿವರಣೆ 1996ರಲ್ಲಿ ಹೊರಬಂದ ಒಂದು ಸಣ್ಣ ದಸ್ತಾವೇಜು, ಪುಟಕ್ಕೆ ಒಂದು ಸಂಜೆಯಂತೆ ಓದಿದೆ. ಆದರೆ ಒಂದು ಕಡೆ ನನ್ನ ಕನ್ನಡ ಶಾಲೆಯೇ ನೆರವಿಗೆ ಬಂತು. ಬಿಡಿಸಿದ್ದು ಸರಿಯಾಗಿದೆಯೇ ಎಂದು ನೋಡಲು ಕೊನೆಯಲ್ಲಿ ಒಂದು ತಾಳೆ ಇರುತ್ತದೆ, ಮಾರ್ಕ್ ಆಡ್ಲರ್ ಹೆಸರಿನದು. ಗೆಳೆಯ "ಮಾಡ್ಯುಲೋ 65521" ಎಂದಾಗ ಎದೆ ಹಾರಿತು. ಮಾಡ್ಯುಲೋ ಎಂದರೆ ಶೇಷ, ಭಾಗಿಸಿದ ಮೇಲೆ ಉಳಿಯುವುದು. 65521 ಎಂದರೆ 65536ಕ್ಕಿಂತ ಕೆಳಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ. ಶೇಷವೂ ಅವಿಭಾಜ್ಯವೂ ನಮಗೆ ಮುನಿಸಿಪಾಲಿಟಿ ಶಾಲೆಯಲ್ಲೇ ಗೊತ್ತಿದ್ದವು!

ಆ ತಾಳೆ ಹೀಗೆ: ಬೈಟುಗಳನ್ನು ಕೂಡಿಸುತ್ತಾ ಹೋಗುವ ಒಂದು ಮೊತ್ತ, 1ರಿಂದ ಶುರು. ಪ್ರತಿ ಹೆಜ್ಜೆಯಲ್ಲೂ ಆ ಮೊತ್ತವನ್ನೇ ಕೂಡಿಸುತ್ತಾ ಹೋಗುವ ಇನ್ನೊಂದು ಮೊತ್ತ. ಅಂದರೆ ಶಿಲ್ಕು, ಮತ್ತು ಶಿಲ್ಕುಗಳ ಮೊತ್ತ. 10, 20 ಬಂದರೆ ಶಿಲ್ಕು 11, 31. ಎರಡನೆಯ ಮೊತ್ತ 42. ಅದಲುಬದಲಾಗಿ 20, 10 ಬಂದರೆ ಕೊನೆಯ ಶಿಲ್ಕು ಅದೇ 31, ಆದರೆ ಎರಡನೆಯದು 52. ಬರೀ ಶಿಲ್ಕು ನೋಡುವ ಗುಮಾಸ್ತನಿಗೆ ಸಿಗದ ಅದಲುಬದಲು ಇಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಪಠ್ಯದಲ್ಲಿ ತಾಳೆಪಟ್ಟಿಗೆ ಸಿಗದ ತಪ್ಪುಗಳು ಎಂದೇ ಒಂದು ಅಧ್ಯಾಯವಿದೆ. ಅದನ್ನು ಬರೆದವರಿಗೆ ಈ ಉಪಾಯ ತೋರಿಸಬೇಕು ಅನ್ನಿಸಿತು.

ಇನ್ನು ಕೆಲಸಕ್ಕೆ ಬರೋಣ. ಗೆಳೆಯ ಮೊದಲು ಕೊಟ್ಟದ್ದು ಒಂದೇ ಕಡತದಲ್ಲಿ ಇಡೀ ಲೈಬ್ರರಿ ಇರುವ ಸ್ಟಬ್‌-ಇಮೇಜ್, ಶಾನ್ ಬ್ಯಾರೆಟ್ ಎಂಬವರು ಬರೆದದ್ದು. ಸಿ ಕಲಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ನಾನು ನೋಡಿಲ್ಲ. ಅದು ನಮ್ಮ ಕಡತವನ್ನು ತಿರಸ್ಕರಿಸಿತು. ತುಂಡಿನ ತಲೆಯಲ್ಲಿ ಇಷ್ಟು ಬೈಟು ಇದೆ ಎಂದು ಬರೆದಿದೆ, ಎಣಿಸಿದರೆ ಇಲ್ಲ, ಹಾಗಾದರೆ ಈ ಲೆಕ್ಕವೇ ಬೇಡ ಎಂದು ಬಿಡಿಸಲಿಕ್ಕೇ ಹೋಗದೆ ಬರಿಗೈ ತೋರಿಸಿತು. ಅದು ಸರಿಯೇ. ಸಿ ಭಾಷೆಯಲ್ಲಿ ಕಡತ ಹೇಳಿದ ಮಾತನ್ನು ನಂಬಿ ಬರೆಯುತ್ತಾ ಹೋದರೆ ಮೀಸಲಿಟ್ಟ ಜಾಗದ ಆಚೆಗೂ ಬರೆದುಹೋಗುತ್ತದೆ, ತಡೆಯುವವರಿಲ್ಲ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಚಿತ್ರಗಳನ್ನು ಬಿಡಿಸುವ ಲೈಬ್ರರಿಯಲ್ಲಿ ಇಂಥದ್ದೇ ಸಿಕ್ಕಿತು. ಹಫ್‌ಮನ್ ಪಟ್ಟಿ ಕಟ್ಟುವಾಗ ಗಡಿ ದಾಟಿ ಬರೆಯುವಂತೆ ಚಿತ್ರವನ್ನು ಬೇಕೆಂದೇ ತಯಾರಿಸಬಹುದಿತ್ತು. ಬ್ರೌಸರುಗಳನ್ನೆಲ್ಲ ತುರ್ತಾಗಿ ರಿಪೇರಿ ಮಾಡಬೇಕಾಯಿತು. ಹಾಗಾಗಿ ಬಿಡಿಸುವವನು ಸಂಶಯದ ಮನುಷ್ಯನಾಗಿರಬೇಕಾದ್ದು ನ್ಯಾಯವೇ. ಆದರೆ ಅಜ್ಜಿಗೆ ಈ ನ್ಯಾಯ ಹೇಳಿ ಪ್ರಯೋಜನವೇನು?

ಝೆಡ್‌ಲಿಬ್‌ನ ಸ್ವಭಾವ ಬೇರೆ. ಅದರ ಹತ್ತಿರ ಒಂದು ಪುಟ್ಟ ಖಾತೆ ಇರುತ್ತದೆ: ಮುಂದೆ ಎಲ್ಲಿಂದ ಓದಬೇಕು, ಓದಲು ಎಷ್ಟು ಉಳಿದಿದೆ, ಎಲ್ಲಿ ಬರೆಯಬೇಕು, ಬರೆಯಲು ಎಷ್ಟು ಜಾಗವಿದೆ. ಬಿಡಿಸುವ ಕಾರ್ಯದ ಹೆಸರು ಇನ್‌ಫ್ಲೇಟ್, ಗಾಳಿ ತುಂಬು ಎಂದು. ಕರೆದಷ್ಟು ಸಲವೂ ಕೈಲಾದಷ್ಟು ಬಿಡಿಸಿ ಖಾತೆ ತಿದ್ದಿ ಉತ್ತರ ಕೊಡುತ್ತದೆ. 0 ಎಂದರೆ ನಡೆಯುತ್ತಿದೆ. 1 ಎಂದರೆ ಮುಗಿಯಿತು, ತಾಳೆಯೂ ಸರಿ. -3 ಎಂದರೆ ಮಾಹಿತಿಯೇ ಸುಳ್ಳು. -5 ಎಂದರೆ ಸುಳ್ಳೇನಿಲ್ಲ, ಆದರೆ ಓದಲೋ ಬರೆಯಲೋ ಜಾಗವಿಲ್ಲದೆ ನಿಂತಿದ್ದೇನೆ. -3ಕ್ಕೂ -5ಕ್ಕೂ ಅಂತರ ಇಟ್ಟವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಲೋಕದಲ್ಲಿ ಎಷ್ಟೋ ಜನರಿಗೆ ಸುಳ್ಳಿಗೂ ಅರ್ಧಕ್ಕೆ ನಿಂತದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಸುಮಾರು ಇನ್ನೂರು ಸಾಲಿನ ಕಾರ್ಯಕ್ರಮ ಬರೆದೆ, ಗೆಳೆಯ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಾ ನೋಡಿದ. ಕಡತದ ಮೊದಲ ಎಂಟು ಬೈಟು 137, 80, 78, 71, 13, 10, 26, 10. ನಡುವಿನ 80, 78, 71 ಎಂಬುದು ಪಿ, ಎನ್, ಜಿ ಅಕ್ಷರಗಳು. ಆಮೇಲೆ 25 ಬೈಟಿನ ತಲೆಬರಹ: ಅಗಲ, ಉದ್ದ, ಬಣ್ಣ. ಚುಕ್ಕಿಯ ಅಳತೆ ಹೇಳುವ 21 ಬೈಟು. ಅಲ್ಲಿಂದ ಮುಂದೆ ಚಿತ್ರದ ತುಂಡುಗಳು, ಒಂದೊಂದರಲ್ಲೂ 8192 ಬೈಟು ಮಾಹಿತಿ, ಕೊನೆಯಲ್ಲಿ ನಾಲ್ಕು ಬೈಟಿನ ಮುದ್ರೆ. ಈ ಮುದ್ರೆ ಆ ತುಂಡಿಗೆ ಮಾತ್ರ ಸೇರಿದ್ದು. ತುಂಡಿನೊಳಗೆ ಒಂದು ಬಿಟ್ ಬದಲಾದರೂ ಹೊಂದುವುದಿಲ್ಲ. ನಮ್ಮ ಕಡತದಲ್ಲಿ 51 ತುಂಡು ಪೂರ್ತಿಯಾಗಿದ್ದವು. 51 ಮುದ್ರೆಯೂ ಸರಿಹೊಂದಿದವು. 52ನೆಯದರಲ್ಲಿ 7,518 ಬೈಟು ಇತ್ತು, ಮುದ್ರೆ ಬರುವ ಮೊದಲೇ ಕರೆಂಟು ಹೋಗಿತ್ತು. ಮೊದಲ ತುಂಡಿನ ಮೊದಲ ಎರಡು ಬೈಟು 120 ಮತ್ತು 156. 120ನ್ನು 256ರಿಂದ ಗುಣಿಸಿ 156 ಕೂಡಿಸಿದರೆ 30,876, ಅದು 31ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗುತ್ತದೆ, 996 ಸಲ. ಬಾಗಿಲಲ್ಲೇ ಒಂದು ಸಣ್ಣ ತಪಾಸಣೆ.

ಇನ್‌ಫ್ಲೇಟನ್ನು ಕರೆಯುತ್ತಾ ಹೋದೆ. 0, 0, 0. ಕೊನೆಗೆ -5. ಬರೆದದ್ದು ಎಷ್ಟು ಎಂದು ಖಾತೆಯಲ್ಲಿ ನೋಡಿದರೆ 13,86,940 ಬೈಟು.

ಅದು ಇನ್ನೂ ಚಿತ್ರವಲ್ಲ. ಪಿಎನ್‌ಜಿಯವರು ಹಿಂಡುವ ಮೊದಲು ಇನ್ನೊಂದು ಕೆಲಸ ಮಾಡಿರುತ್ತಾರೆ. ಚುಕ್ಕಿಯ ಬೆಲೆಯನ್ನು ಬರೆಯುವ ಬದಲು ಪಕ್ಕದ ಚುಕ್ಕಿಗಿಂತ ಎಷ್ಟು ಹೆಚ್ಚು ಕಡಿಮೆ ಎಂದು ಬರೆಯುತ್ತಾರೆ. 200, 201, 201, 199 ಎಂಬುದು 200, 1, 0, 254 ಆಗುತ್ತದೆ. (ಎರಡು ಕಡಿಮೆ ಎನ್ನಲು 254: 201ಕ್ಕೆ 254 ಕೂಡಿಸಿ 256 ಕಳೆದರೆ 199.) ಪಕ್ಕದ ಚುಕ್ಕಿ ಎಂದರೆ ಎಡದ್ದಿರಬಹುದು, ಮೇಲಿನದಿರಬಹುದು, ಎರಡರ ಸರಾಸರಿ ಇರಬಹುದು, ಇಲ್ಲವೇ ಅಲನ್ ಪೇಥ್ ಎಂಬವರ ಉಪಾಯದಂತೆ ಎಡ, ಮೇಲೆ, ಮೇಲಿನ ಎಡ ಮೂರರಲ್ಲಿ ಅಂದಾಜಿಗೆ ಹತ್ತಿರದ್ದಿರಬಹುದು. ಯಾವುದೆಂದು ಪ್ರತಿ ಸಾಲಿನ ಮೊದಲಲ್ಲಿ ಒಂದು ಬೈಟು ಹೇಳುತ್ತದೆ. ಹಾಗಾಗಿ ಸಾಲಿಗೆ 1240 ಅಲ್ಲ, 1241 ಬೈಟು. ಭಾಗಿಸಿದರೆ 1117 ಪೂರ್ತಿ ಸಾಲು, 1118ನೆಯದರಲ್ಲಿ 742 ಚುಕ್ಕಿ.

ಇದನ್ನು ಬಿಡಿಸುವ ಮೊದಲು ಹಾಗೆಯೇ ಪರದೆಗೆ ಹಾಕಿ ನೋಡುವ ಆಸೆಯಾಯಿತು. ಕಪ್ಪು ನೆಲದ ಮೇಲೆ ಚೆದುರಿದ ಚುಕ್ಕಿಗಳು, ಅಲ್ಲಲ್ಲಿ ಅಕ್ಷರದ ಅಂಚು ಮಾತ್ರ. ವ್ಯತ್ಯಾಸವಿದ್ದಲ್ಲಿ ಬೆಳಕು, ಉಳಿದದ್ದೆಲ್ಲ ಕತ್ತಲೆ. ಯಾರೋ ಕತ್ತಲಲ್ಲಿ ಬರೆಯುತ್ತಾ ಕೂತ ಹಾಗೆ ಕಂಡಿತು. ಆಮೇಲೆ ಮೊದಲ ಸಾಲಿನಿಂದ ಕೂಡಿಸುತ್ತಾ ಬಂದೆ, ಮೇಲಿನದನ್ನು ನಂಬಿ ಕೆಳಗಿನದು, ಎಡದ್ದನ್ನು ನಂಬಿ ಬಲದ್ದು.

ಅಜ್ಜನ ಅಕ್ಷರ ಬಂತು. ಮೇಲೆ "ಸನ್ ೧೯೭೪". ಕೆಳಗೆ ತಿಂಗಳಿಗೆ ಎರಡೆರಡು ಸಾಲು, ಮೊದಲ ಸಾಲಿನಲ್ಲಿ ಊರಿಗೆ ಮಾಡಿದ ಮನಿಯಾರ್ಡರು, ಎರಡನೆಯದರಲ್ಲಿ ಕೈಖರ್ಚು. ಜನವರಿ: "ಅಣ್ಣಯ್ಯನಿಗೆ ಮ.ಆ. ೪೦". ಫೆಬ್ರವರಿಗೆ ಎರಡು ಗೀಟು, ೪೦. ಏಪ್ರಿಲ್‌ವರೆಗೂ ಹಾಗೆಯೇ. ಮೇ ತಿಂಗಳಲ್ಲಿ ಗೀಟಿಲ್ಲ, ಮತ್ತೆ ಪೂರ್ತಿ ಬರೆದಿದ್ದಾರೆ: "ಅಣ್ಣಯ್ಯನಿಗೆ ಮ.ಆ. ೬೦, ಹೆಂಚಿನ ಬಾಬ್ತು ಸೇರಿ". ಜೂನ್, ಜುಲೈ, ಆಗಸ್ಟಿಗೆ ಗೀಟು, ೬೦. ಸೆಪ್ಟೆಂಬರಿನ ಸಾಲಿನಲ್ಲಿ ಅಕ್ಷರಗಳ ತಲೆ ಮಾತ್ರ ಇದೆ. ಅಲ್ಲಿಂದ ಕೆಳಗೆ ಬೂದು.

ಅಂಗಡಿಯವನು ಪುಟವನ್ನು ಗಾಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರೆ? ಎಷ್ಟೋ ಸಲ ಹಾಗೆ ಇಟ್ಟುಬಿಡುತ್ತಾರೆ. ಆಗ ವರ್ಷದ ಕೊನೆ ಉಳಿದು ವರ್ಷದ ಮೊದಲು ಹೋಗುತ್ತಿತ್ತು. ನಮ್ಮ ಕೈಗೆ ಬರುತ್ತಿದ್ದದ್ದು ಬರೀ ಗೀಟುಗಳು. ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ಮೇಲೆ ಏನಿತ್ತು ಎಂದು ಹೇಳುವವರಿಲ್ಲ.

ಗೆಳೆಯನಿಗೂ ನನಗೂ ಒಂದು ವಿಷಯದಲ್ಲಿ ವಾದವಾಯಿತು. ಸೆಪ್ಟೆಂಬರಿನ ಅಂಕಿಯ ತಲೆ ನೋಡಿದರೆ ೬ ಎಂದೇ ಅನ್ನಿಸುತ್ತದೆ. "೬೦ ಅಲ್ಲದೆ ಇನ್ನೇನು ಮಾರಾಯ? ಮೂರು ತಿಂಗಳು ಮೇಲಿನಂತೆ ಅಂತ ಬಂದಿದೆ. ಡಿಸೆಂಬರ್‌ವರೆಗೂ ಹಿಡಿ. 640 ಆಯ್ತು" ಎಂದ. ನಾನು ಇನ್ನೊಮ್ಮೆ ಕಾರ್ಯಕ್ರಮ ಓಡಿಸಿ 51ನೇ ತುಂಡು ಮುಗಿದಾಗ ಎಷ್ಟು ಸಾಲು ಬಂದಿತ್ತು ಎಂದು ನೋಡಿದೆ. 1098. ಅಂದರೆ ಕೊನೆಯ 19 ಸಾಲು ಚುಕ್ಕಿ ಮುದ್ರೆಯಿಲ್ಲದ ತುಂಡಿನಿಂದ ಬಂದದ್ದು. ಸೆಪ್ಟೆಂಬರಿನ ಆ ಅರ್ಧ ಅಂಕಿ ಸರಿಯಾಗಿ ಅದರಲ್ಲಿದೆ. ಅದು ಸುಳ್ಳೆಂದಲ್ಲ, ಅದರ ಪರವಾಗಿ ಹೇಳುವವರಿಲ್ಲ ಅಷ್ಟೆ. ವೋಚರ್ ಇಲ್ಲದೆ ಖಾತೆಗೆ ಏರಿಸಬಾರದು ಎಂದು ನಮಗೆ ಮೊದಲ ವರ್ಷವೇ ಕಲಿಸಿದ್ದಾರೆ. ಅದೂ ಅಲ್ಲದೆ, ಹತ್ತು ಜನರೆದುರು ಹೋದ ಮಾತನ್ನು ವಾಪಸು ತರಬೇಕಾದರೆ ನಮ್ಮ ಅಂದಾಜನ್ನು ಅಜ್ಜನ ಅಕ್ಷರದ ಜೊತೆ ಬೆರೆಸಬಾರದು. ದೊಡ್ಡಪ್ಪ ಅದೊಂದನ್ನೇ ಹಿಡಿದುಕೊಂಡು ಉಳಿದದ್ದನ್ನೂ ಹಾರಿಸಿಬಿಡುತ್ತಾರೆ. ನಾಲ್ಕು ನಲವತ್ತು, ನಾಲ್ಕು ಅರವತ್ತು, ನಾನೂರು. ಹಾಗೆಂದೇ ಬರೆದೆ. ಕೆಳಗಿನ ಬೂದು ಭಾಗವನ್ನು ಕತ್ತರಿಸದೆ ಹಾಗೆಯೇ ಬಿಟ್ಟೆ.

ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಕ್ಷರ ದೊಡ್ಡದು ಮಾಡು ಎಂದರು, ಮಾಡಿದೆ. ಮೇ ತಿಂಗಳ ಸಾಲನ್ನು ಬೆರಳಿಟ್ಟು ಓದಿದರು. ಜೂನಿನ ಗೀಟಿನ ಮೇಲೂ ಬೆರಳಿಟ್ಟು "ಹೆಂಚಿನ ಬಾಬ್ತು" ಎಂದೇ ಓದಿದರು, ಜುಲೈಗೂ, ಆಗಸ್ಟಿಗೂ. ಬೂದು ಬಂದಲ್ಲಿ ನಿಲ್ಲಿಸಿ "ಇದ್ ಎಂತ?" ಎಂದರು. ಕರೆಂಟು ಹೋದದ್ದು ಎಂದೆ.

ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಚಿತ್ರ ಕಳಿಸಿ ಇವತ್ತಿಗೆ ಹನ್ನೊಂದು ದಿನ. ಜೊತೆಗೆ ಏನೂ ಬರೆಯಬೇಡ, ಪುಟ ಮಾತ್ರ ಹೋಗಲಿ ಎಂದು ಅಪ್ಪಯ್ಯ ಹೇಳಿದ್ದರು. ಎರಡು ಗೀಟು ನೀಲಿಯಾಗಿವೆ. ಉತ್ತರ ಇನ್ನೂ ಬಂದಿಲ್ಲ.